ಐಟಿ ಬಿಟ್ಟು ಎಂಎಸ್‌ಡಬ್ಲ್ಯೂ ಓದ್ಲಾ ಅಂತ ಕೇಳೋರಿಗೆ

ಈ ಸಲದ ಮಾತು ಸ್ವಲ್ಪ ಉದ್ದ ಆಯ್ತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೀನಿ, ವಿಡಿಯೋದಲ್ಲಿ ಹೇಳೋಕೆ ಮರೆತ ಒಂದೆರಡು ವಿಷಯ ಸೇರಿಸಿದ್ದೀನಿ.

ನನಗೆ ಪದೇ ಪದೇ ಬರೋ ಪ್ರಶ್ನೆ ಒಂದೇ. ಕೇಳೋರು ಹೆಚ್ಚುಕಮ್ಮಿ ಎಲ್ಲರೂ ಐಟಿಯವರು. ಒಬ್ಬರು ಹಿಂಜೆವಾಡಿ, ಒಬ್ಬರು ಗಚ್ಚಿಬೌಲಿ, ಇನ್ನೊಬ್ಬರು ಓಎಂಆರ್, ಮತ್ತೊಬ್ಬರು ಗುರುಗ್ರಾಮ. "ಹತ್ತು ವರ್ಷ ಆಯ್ತು, ಸಾಕಾಗಿದೆ. ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಅನ್ಸ್ತಿದೆ. ಎಂಎಸ್‌ಡಬ್ಲ್ಯೂ ಮಾಡ್ಲಾ?" ನಾನೂ ಹನ್ನೊಂದು ವರ್ಷ ಟೆಸ್ಟಿಂಗ್‌ನಲ್ಲಿದ್ದು, ಮೂವತ್ತನಾಲ್ಕನೇ ವಯಸ್ಸಿಗೆ ಕೆಲಸ ಬಿಟ್ಟು ಪುಣೆಯಲ್ಲೇ ಈ ಕೋರ್ಸಿಗೆ ಸೇರಿದವಳು. ಹಾಗಾಗಿ ಮಾಡಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಒಳಗೆ ಏನಿದೆ ಅಂತ ಹೇಳ್ತೀನಿ, ಲೆಕ್ಕ ನೀವು ಹಾಕ್ಕೊಳ್ಳಿ.

ಮೊದಲು ಹೆಸರು. ನಮ್ಮ ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಕೇಳಿದ್ದು, "ಸಮಾಜ ಸೇವೆ ಮಾಡೋಕೆ ಡಿಗ್ರಿ ಯಾಕಮ್ಮ ಬೇಕು? ನಿಮ್ಮ ಅಜ್ಜ ಊರಲ್ಲಿ ಕೆರೆ ಹೂಳು ತೆಗೆಸಿದ್ರು, ಅವರೇನು ಓದಿದ್ರು?" ನ್ಯಾಯವಾದ ಪ್ರಶ್ನೆ. ಆದರೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಹೆಸರು "ಸಮಾಜಕಾರ್ಯ". ಸೇವೆ ಅನ್ನೋ ಪದವನ್ನ ಬೇಕಂತಲೇ ದೂರ ಇಟ್ಟಿದ್ದಾರೆ. ದೇವಸ್ಥಾನದಲ್ಲಿ ಅನ್ನ ಬಡಿಸಿದರೆ ನಿಮ್ಮನ್ನ ಯಾರೂ ಲೆಕ್ಕ ಕೇಳಲ್ಲ. ಆಸ್ಪತ್ರೆಯಲ್ಲಿ ಕೂತ ಸಮಾಜಕಾರ್ಯಕರ್ತೆಗೆ ಫೈಲ್ ಇರುತ್ತೆ, ಮೇಲ್ವಿಚಾರಕರು ಇರ್ತಾರೆ, ರೋಗಿ ಹೇಳಿದ ಗುಟ್ಟು ಕಾಪಾಡೋ ಜವಾಬ್ದಾರಿ ಇರುತ್ತೆ. ತಪ್ಪು ಮಾಡಿದರೆ ಒಬ್ಬರ ಮನೆ ಹಾಳಾಗುತ್ತೆ. ಅದಕ್ಕೆ ತರಬೇತಿ ಬೇಕು ಅನ್ನೋದೇ ಈ ಡಿಗ್ರಿಯ ಹಿಂದಿನ ವಾದ.

ನಮ್ಮ ದೇಶದಲ್ಲಿ ಆ ವಾದ ಶುರುವಾಗಿದ್ದು ಮುಂಬೈನಲ್ಲಿ. ನಾಗಪಾಡಾದಲ್ಲಿ ನೇಬರ್‌ಹುಡ್ ಹೌಸ್ ನಡೆಸುತ್ತಿದ್ದ ಅಮೆರಿಕನ್ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರನ್ನೇ ಮೊದಲ ನಿರ್ದೇಶಕರನ್ನಾಗಿ ಮಾಡಿಕೊಂಡು, ಟಾಟಾ ಟ್ರಸ್ಟಿನ ಹಣದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಶುರುವಾಯ್ತು. 1944ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಆಯ್ತು, 1954ರಲ್ಲಿ ದೇವನಾರ್‌ಗೆ ಹೋಯ್ತು. ನಾವೆಲ್ಲ ಟಿಸ್ ಅನ್ನೋದು ಅದನ್ನೇ. ಗಿರಣಿ ಕಾರ್ಮಿಕರ ಚಾಳುಗಳ ಪಕ್ಕದಲ್ಲಿ ಹುಟ್ಟಿದ ಓದು ಇದು. ಬೀದಿಗೆ ಇಳಿಯದೆ ಕಲಿಯೋಕಾಗಲ್ಲ ಅನ್ನೋದು ಅವತ್ತಿನಿಂದಲೂ ಇದರ ಜೊತೆಗೇ ಬಂದಿದೆ.

ಈಗ ಕೋರ್ಸಿನ ಒಳಗೆ ಬರೋಣ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಾಮಾನ್ಯವಾಗಿ ಯಾವುದೇ ಪದವಿ ಇದ್ದರೂ ನಡೆಯುತ್ತೆ, ಬಿಇ ಮಾಡಿದವರಿಗೂ ಬಾಗಿಲು ತೆರೆದಿದೆ. ತರಗತಿಯಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು, ಸಂಶೋಧನಾ ವಿಧಾನ ಎಲ್ಲ ಸ್ವಲ್ಪ ಸ್ವಲ್ಪ ಇರುತ್ತೆ. ಮುಖ್ಯವಾದದ್ದು ಆರು ವಿಧಾನಗಳು: ಒಬ್ಬ ವ್ಯಕ್ತಿಯ ಜೊತೆ ಕೆಲಸ, ಗುಂಪಿನ ಜೊತೆ ಕೆಲಸ, ಸಮುದಾಯ ಸಂಘಟನೆ, ಕಲ್ಯಾಣ ಸಂಸ್ಥೆಗಳ ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ. ಪರೀಕ್ಷೆಗೆ ಓದೋದು ಕಷ್ಟ ಅಲ್ಲ. ಸಂಖ್ಯಾಶಾಸ್ತ್ರದ ಪೇಪರ್ ಬಂದಾಗ ಇಡೀ ಕ್ಲಾಸು ನನ್ನ ಬೆನ್ನು ಹಿಂದೆ ಬಿತ್ತು, ಅದೊಂದು ತಿಂಗಳು ನಾನೇ ರಾಣಿ. ಉಳಿದ ಇಪ್ಪತ್ತಮೂರು ತಿಂಗಳು ನಾನೇ ಹಿಂದಿನ ಬೆಂಚು.

ಕಷ್ಟ ಇರೋದು ಫೀಲ್ಡ್‌ವರ್ಕ್‌ನಲ್ಲಿ. ವಾರಕ್ಕೆ ಎರಡು ದಿನ, ಸುಮಾರು ಹದಿನೈದು ಗಂಟೆ, ಯಾವುದಾದರೂ ಸಂಸ್ಥೆಯಲ್ಲಿ ಇರಬೇಕು. ಆಸ್ಪತ್ರೆ, ಶಾಲೆ, ಜೈಲು, ಬಾಲಮಂದಿರ, ಕೊಳೆಗೇರಿಯಲ್ಲಿ ಕೆಲಸ ಮಾಡೋ ಎನ್‌ಜಿಒ, ಕಾಲೇಜು ಎಲ್ಲಿ ಹಾಕಿದರೆ ಅಲ್ಲಿ. ಇದರ ಮೇಲೆ ಒಂದು ಗ್ರಾಮೀಣ ಶಿಬಿರ, ಕೊನೆಗೆ ಸುಮಾರು ಒಂದು ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್. ಪ್ರತಿ ವಾರ ಮೇಲ್ವಿಚಾರಕರ ಎದುರು ಒಬ್ಬರೇ ಕೂತು ಮಾತಾಡಬೇಕು. ಅದಕ್ಕೆ ಐಸಿ ಅಂತಾರೆ, ಇಂಡಿವಿಜುಯಲ್ ಕಾನ್ಫರೆನ್ಸ್. ನಮ್ಮ ಒನ್ ಆನ್ ಒನ್ ತರಹ ಅಂದ್ಕೊಂಡು ಹೋದೆ. ಮೊದಲ ದಿನವೇ ಅಂದಾಜು ತಪ್ಪಿತು.

ತಪ್ಪಿದ್ದು ರೆಕಾರ್ಡಿಂಗ್ ವಿಷಯದಲ್ಲಿ. ಫೀಲ್ಡ್‌ನಲ್ಲಿ ಏನಾಯ್ತು ಅಂತ ಪ್ರತಿ ವಾರ ಬರೆದು ಕೊಡಬೇಕು. ನಾನು ಚೆನ್ನಾಗಿ ಬುಲೆಟ್ ಪಾಯಿಂಟ್ ಹಾಕಿ, ಆಗಿದ್ದು, ಬಾಕಿ ಇರೋದು, ಅಡೆತಡೆ ಅಂತ ಮೂರು ಭಾಗ ಮಾಡಿ, ಒಂದೂವರೆ ಪುಟ ಕೊಟ್ಟೆ. ಅದು ಹಾಗೇ ವಾಪಸ್ ಬಂತು. ಮೇಡಂ ಹೇಳಿದ್ರು, "ಇದರಲ್ಲಿ ಜನ ಎಲ್ಲಿದ್ದಾರೆ? ಅವರು ಏನಂದ್ರು, ನೀವು ಏನಂದ್ರಿ, ಆಗ ಅವರ ಮುಖ ಹೇಗಿತ್ತು, ನಿಮಗೆ ಒಳಗೆ ಏನಾಯ್ತು, ಅದನ್ನ ಬರೀರಿ." ಹೀಗೆ ಬರೆಯೋದಕ್ಕೆ ಪ್ರೋಸೆಸ್ ರೆಕಾರ್ಡಿಂಗ್ ಅಂತ ಹೆಸರು. ಇಪ್ಪತ್ತು ನಿಮಿಷದ ಮಾತು ಆರು ಪುಟ ಆಗುತ್ತೆ. ಬರೆಯುವಾಗ ನಾಚಿಕೆ ಆಗುತ್ತೆ, ಯಾಕಂದ್ರೆ ನೀವು ಎಲ್ಲಿ ಅವರ ಮಾತನ್ನ ಅರ್ಧಕ್ಕೆ ಕತ್ತರಿಸಿದ್ರಿ, ಎಲ್ಲಿ ಬುದ್ಧಿ ಹೇಳೋಕೆ ಹೋದ್ರಿ ಅನ್ನೋದೆಲ್ಲ ಕಾಗದದ ಮೇಲೆ ಕಾಣ್ಸುತ್ತೆ.

ನನ್ನನ್ನ ಮೊದಲ ವರ್ಷ ಹಾಕಿದ್ದು ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸೈಟಿನಲ್ಲೇ ಪಾಲನಾ ಕೇಂದ್ರ ನಡೆಸೋ ಒಂದು ಸಂಸ್ಥೆಗೆ. ಹಾಕಿದ್ದಕ್ಕೆ ಕಾರಣ ನನ್ನ ಭಾಷೆ. ಪುಣೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು ತುಂಬಾ ಜನ. ನಾವು ಫ್ಲ್ಯಾಟ್ ಬುಕ್ ಮಾಡೋಕೆ ಅಂತ ಹೋದಾಗ ತಗಡಿನ ಶೆಡ್ಡುಗಳ ಸಾಲು ಕಾಣ್ಸುತ್ತಲ್ಲ, ಅಲ್ಲಿ ಕನ್ನಡ ಕೇಳಿಸುತ್ತೆ. ಹನ್ನೊಂದು ವರ್ಷ ಈ ಊರಲ್ಲಿದ್ದು, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹಾಕ್ಕೊಂಡು ಫೋಟೋ ತೆಗೆಸ್ಕೊಂಡಿದ್ದ ನನಗೆ ಅದು ಗೊತ್ತೇ ಇರ್ಲಿಲ್ಲ. ಗೊತ್ತಾದ ಮೇಲೂ ಭಾಷೆ ಅಷ್ಟು ಸುಲಭ ಆಗ್ಲಿಲ್ಲ. ನಾನು ಹಾಸನದ ಕಡೆಯವಳು. "ದುಡಿಲಾಕ ಬಂದೇವ್ರಿ" ಅಂದರೆ ಅರ್ಥ ಆಗುತ್ತೆ, ಆದರೆ ಅವರು ಅವರವರೇ ವೇಗವಾಗಿ ಮಾತಾಡಿದಾಗ ಅರ್ಧ ಜಾರಿ ಹೋಗೋದು. ಅವರಿಗೆ ನನ್ನ ಕನ್ನಡ ಟೀವಿಯವರ ಕನ್ನಡ.

ಅಲ್ಲೊಂದು ಮನೆ. ಹೆಸರು ಬೇಡ. ಗಂಡ ಹೆಂಡತಿ ಇಬ್ಬರೂ ಸೈಟಿನ ಕೆಲಸಕ್ಕೆ ಹೋಗ್ತಾರೆ. ಒಂಬತ್ತು ವರ್ಷದ ಹುಡುಗಿ ಶಾಲೆಗೆ ಹೋಗದೆ ಎಂಟು ತಿಂಗಳ ತಮ್ಮನನ್ನ ಕಂಕುಳಲ್ಲಿ ಇಟ್ಕೊಂಡು ತಿರುಗ್ತಾಳೆ. ನನಗೆ ಇದಕ್ಕಿಂತ ಸ್ಪಷ್ಟವಾದ ಸಮಸ್ಯೆ ಇಲ್ಲ ಅನ್ನಿಸ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಓದ್ಕೊಂಡೆ: ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಉಚಿತ ಶಿಕ್ಷಣ, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸೋ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಎಕ್ಸೆಲ್ ಶೀಟ್ ಮಾಡಿದೆ, ಹತ್ತಿರದ ಸರ್ಕಾರಿ ಶಾಲೆಗೆ ಮೂರು ಸಲ ಓಡಾಡಿದೆ, ನಾಲ್ಕನೇ ದಿನಕ್ಕೆ ಪ್ರವೇಶ ಸಿಕ್ತು. ಯೂನಿಫಾರ್ಮಿಗೆ ನನ್ನ ಹಳೆ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದ್ದಕ್ಕೆ ಅರ್ಧ ಗಂಟೆಯಲ್ಲಿ ದುಡ್ಡು ಬಂತು. ಎಲ್ಲರೂ ಚಪ್ಪಾಳೆ ಎಮೋಜಿ ಹಾಕಿದ್ರು. ನಿಜ ಹೇಳ್ತೀನಿ, ಯಾವ ರಿಲೀಸ್ ಆದಾಗಲೂ ನನಗೆ ಅಷ್ಟು ಖುಷಿ ಆಗಿರ್ಲಿಲ್ಲ.

ಹುಡುಗಿ ಆರು ದಿನ ಶಾಲೆಗೆ ಹೋದಳು. ಏಳನೇ ದಿನ ಮತ್ತೆ ತಮ್ಮನನ್ನ ಎತ್ಕೊಂಡು ಶೆಡ್ಡಿನ ಮುಂದೆ ನಿಂತಿದ್ದಳು. ಕೂಸನ್ನ ನೋಡ್ಕೊಳ್ಳೋಕೆ ಅಂತ ಆ ಆರು ದಿನ ತಾಯಿ ಕೆಲಸಕ್ಕೆ ಹೋಗಿರ್ಲಿಲ್ಲ. ಆರು ದಿನದ ಹಾಜರಿ ಹೋಯ್ತು. ಅಷ್ಟೇ ಅಲ್ಲ, ಮೇಸ್ತ್ರಿ ಅವಳ ಜಾಗಕ್ಕೆ ಬೇರೆಯವಳನ್ನ ಹಾಕ್ತೀನಿ ಅಂದಿದ್ದ. ನಮ್ಮ ಸಂಸ್ಥೆಯ ಪಾಲನಾ ಕೇಂದ್ರ ಆ ಸೈಟಿನಲ್ಲಿ ಒಂದು ವರ್ಷ ತುಂಬದ ಮಕ್ಕಳನ್ನ ತಗೊಳ್ತಾ ಇರ್ಲಿಲ್ಲ, ನೋಡ್ಕೊಳ್ಳೋಕೆ ಸಾಕಷ್ಟು ಜನ ಇರ್ಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಕ್ಸೆಲ್‌ನಲ್ಲಿ ಅದಕ್ಕೊಂದು ಕಾಲಂ ಇಟ್ಟಿರ್ಲಿಲ್ಲ. ಆ ಹೆಂಗಸು ಜಗಳ ಮಾಡ್ಲಿಲ್ಲ. "ಪೋರಿ ಸಾಲಿಗಿ ಹೋದ್ರ ಈ ಕೂಸಿನ್ನ ಯಾರ್ ನೋಡ್ಕೋಬೇಕ್ರಿ ಅಕ್ಕಾರ" ಅಂದು ಒಳಗೆ ಹೋದಳು. ಆಮೇಲೆ ಮೂರು ವಾರ ನಾನು ಆ ಸಾಲಿಗೆ ಹೋದಾಗೆಲ್ಲ ಅವಳಿಗೆ ಏನೋ ಕೆಲಸ ಇರ್ತಿತ್ತು.

ಐಸಿಯಲ್ಲಿ ಇದನ್ನೆಲ್ಲ ಹೇಳಿ, ವ್ಯವಸ್ಥೆ ಸರಿ ಇಲ್ಲ, ಪೋಷಕರಿಗೆ ಅರಿವಿಲ್ಲ ಅಂತ ಶುರು ಮಾಡಿದೆ. ಮೇಡಂ ಪೂರ್ತಿ ಕೇಳಿಸ್ಕೊಂಡು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ರು: ಆ ತಾಯಿ ನಿಮ್ಮ ಹತ್ರ ಏನು ಕೇಳಿದ್ದಳು?

ನನಗೆ ನೆನಪಾಗ್ಲಿಲ್ಲ. ಹಳೆ ರೆಕಾರ್ಡಿಂಗ್ ತಿರುಗಿಸಿ ನೋಡಿದೆ. ಎರಡನೇ ಭೇಟಿಯ ನಾಲ್ಕನೇ ಪುಟದಲ್ಲಿ, ನನ್ನದೇ ಕೈಬರಹದಲ್ಲಿ ಇತ್ತು: "ನಂದು ಕಾರ್ಡ್ ಮಾಡಿಸ್ತೀರೇನ್ರಿ?" ಕಟ್ಟಡ ಕಾರ್ಮಿಕರ ಕಾರ್ಡು. ಆಗಿದ್ದ 1996ರ ಕಾಯ್ದೆಯ ಪ್ರಕಾರ ಹದಿನೆಂಟರಿಂದ ಅರವತ್ತರ ಒಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸ್ಕೋಬಹುದಿತ್ತು. ಮಂಡಳಿಗೆ ಹಣ ಬರೋದು ಕಟ್ಟಡದ ವೆಚ್ಚದ ಮೇಲೆ ಹಾಕೋ ಸೆಸ್‌ನಿಂದ. ಹೆರಿಗೆ, ಮಕ್ಕಳ ಓದು, ಅಪಘಾತ ಇವಕ್ಕೆಲ್ಲ ನೆರವಿದೆ. ಆದರೆ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು, ಗುತ್ತಿಗೆದಾರ ಸಹಿ ಹಾಕಲ್ಲ. ಅವಳು ನನ್ನ ಹತ್ರ ಕೇಳಿದ್ದು ಆ ಒಂದು ಸಹಿಗೆ ದಾರಿ. ನಾನು ಬರ್ಕೊಂಡೆ, ಪುಟ ತಿರುಗಿಸಿದೆ, ಮಗಳ ಶಾಲೆಯ ಬಗ್ಗೆ ಕೇಳೋಕೆ ಶುರು ಮಾಡಿದೆ.

ಕೇಸ್‌ವರ್ಕ್ ಪಾಠದಲ್ಲಿ ಫೆಲಿಕ್ಸ್ ಬೀಸ್ಟೆಕ್ ಅನ್ನೋರ ಏಳು ತತ್ವ ಓದಿಸ್ತಾರೆ, 1957ರ ಪುಸ್ತಕ. ಅದರಲ್ಲಿ ಒಂದು ಸ್ವನಿರ್ಧಾರ: ತನ್ನ ಬದುಕಿಗೆ ಯಾವುದು ಮೊದಲು ಅಂತ ಹೇಳೋ ಹಕ್ಕು ಎದುರಿಗಿರೋ ವ್ಯಕ್ತಿಯದು. ಆ ಪ್ರಶ್ನೆಗೆ ನನಗೆ ಇಂಟರ್ನಲ್ಸ್‌ನಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು. ಹಾಗಂತ ಒಂಬತ್ತು ವರ್ಷದ ಹುಡುಗಿಯ ಶಾಲೆ ಮುಖ್ಯ ಅಲ್ಲ ಅಂತಲ್ಲ. ಅದು ಅವಳ ಹಕ್ಕು, ತಾಯಿ ಬೇಡ ಅಂದರೂ ಹಕ್ಕೇ. ತಾಯಿಯ ನಿರ್ಧಾರ ಎಲ್ಲಿಗೆ ನಿಲ್ಲುತ್ತೆ, ಮಗಳ ಹಕ್ಕು ಎಲ್ಲಿಂದ ಶುರುವಾಗುತ್ತೆ ಅನ್ನೋದನ್ನ ನಾವು ಗ್ರೂಪ್ ಕಾನ್ಫರೆನ್ಸಿನಲ್ಲಿ ಎರಡು ಗಂಟೆ ಜಗಳ ಆಡಿದ್ವಿ, ಮುಗೀಲಿಲ್ಲ. ಅಷ್ಟು ಮಾತ್ರ ಗೊತ್ತಾಯ್ತು, ತಾಯಿಯನ್ನ ಪಕ್ಕಕ್ಕಿಟ್ಟು ಮಾಡಿದ ಪ್ರವೇಶ ಆರು ದಿನ ಬಾಳಿತು.

ಮುಂದೆ ಏನಾಯ್ತು ಅಂದ್ರೆ, ಅದೇನು ದೊಡ್ಡ ಕಥೆ ಅಲ್ಲ. ಸಂಸ್ಥೆಯ ಹಳೇ ಕಾರ್ಯಕರ್ತೆಯೊಬ್ಬರು ಒಬ್ಬೊಬ್ಬರದೇ ಅರ್ಜಿ ಬೇಡ ಅಂತ ಆ ಸಾಲಿನ ಹದಿನಾಲ್ಕು ಹೆಂಗಸರನ್ನ ಒಟ್ಟಿಗೆ ಕೂರಿಸಿದ್ರು. ಹದಿನಾಲ್ಕು ಜನ ಒಟ್ಟಿಗೆ ಸೈಟ್ ಆಫೀಸಿಗೆ ಹೋದಾಗ ಸಹಿ ಬಂತು, ಎರಡು ತಿಂಗಳು ಹಿಡೀತು. ನನ್ನ ಕೆಲಸ ಕನ್ನಡದಿಂದ ಮರಾಠಿಗೆ ಫಾರಂ ತುಂಬೋದು, ಝೆರಾಕ್ಸ್ ಮಾಡಿಸೋದು. ಅದೇ ಗುಂಪಿನಲ್ಲಿ ಕೂಸುಗಳ ಮಾತೂ ಬಂತು. ಒಬ್ಬ ಅಜ್ಜಿಗೆ ಒಂದಿಷ್ಟು ಕೊಟ್ಟು ಮೂರು ಕೂಸು ನೋಡ್ಕೊಳ್ಳೋ ಏರ್ಪಾಡು ಅವರೇ ಮಾಡ್ಕೊಂಡ್ರು. ಹುಡುಗಿ ದೀಪಾವಳಿ ಆದಮೇಲೆ ಮತ್ತೆ ಶಾಲೆಗೆ ಹೋದಳು. ಫೆಬ್ರವರಿಯಲ್ಲಿ ಆ ಕಟ್ಟಡ ಮುಗೀತು, ಅವರು ಬೇರೆ ಸೈಟಿಗೆ ಹೋದ್ರು. ಶಾಲೆಯ ದಾಖಲೆ, ಕಾರ್ಡಿನ ರಸೀದಿ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟೆ. ಆಮೇಲೆ ಆ ಫೋನ್ ನಂಬರ್ ನಡೀಲಿಲ್ಲ.

ಇಷ್ಟು ಉದ್ದ ಹೇಳಿದ್ದು ಯಾಕಂದ್ರೆ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಐಟಿಯವರು ಈ ಓದಿಗೆ ಬಂದಾಗ ಜೊತೆಗೆ ಒಂದು ಅಭ್ಯಾಸ ತರ್ತೀವಿ. ಸಮಸ್ಯೆ ಕಂಡ ತಕ್ಷಣ ಪರಿಹಾರ, ವಾರದೊಳಗೆ ಡೆಮೋ. ಎರಡು ವರ್ಷ ಆ ಅಭ್ಯಾಸವನ್ನ ದಿನಾ ಉಜ್ಜಿ ಉಜ್ಜಿ ತೆಗೀತಾರೆ. ನೋವಾಗುತ್ತೆ. ನಮ್ಮ ಬ್ಯಾಚಿಗೆ ನನ್ನ ಹಾಗೆ ಐಟಿಯಿಂದ ಬಂದವರು ಇನ್ನಿಬ್ಬರಿದ್ರು, ಒಬ್ಬರು ಮೊದಲ ಸೆಮಿಸ್ಟರಿನಲ್ಲೇ ಬಿಟ್ಟರು. ಅವರು ಈಗ ಒಂದು ಎನ್‌ಜಿಒಗೆ ಡೇಟಾಬೇಸ್ ಮಾಡಿಕೊಟ್ಟಿದ್ದಾರೆ, ತುಂಬಾ ಒಳ್ಳೆ ಕೆಲಸ. ಅದಕ್ಕೆ ಎಂಎಸ್‌ಡಬ್ಲ್ಯೂ ಬೇಕಾಗಿರ್ಲಿಲ್ಲ.

ಇನ್ನು ಎಲ್ಲಿ ಓದೋದು. ನೀವಿರೋ ಊರಿನಲ್ಲೇ ಹಳೇ ಸಂಸ್ಥೆಗಳಿವೆ. ಮುಂಬೈನಲ್ಲಿ ಟಿಸ್ ಬಿಟ್ಟರೆ 1955ರಿಂದ ಇರೋ ನಿರ್ಮಲಾ ನಿಕೇತನ, ಪುಣೆಯಲ್ಲಿ 1963ರ ಕರ್ವೆ ಇನ್‌ಸ್ಟಿಟ್ಯೂಟ್, ಚೆನ್ನೈನಲ್ಲಿ ಮೇರಿ ಕ್ಲಬ್‌ವಾಲಾ ಜಾಧವ್ ಅವರು 1952ರಲ್ಲಿ ಕಟ್ಟಿದ ಮದ್ರಾಸ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್, ದೆಹಲಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ ಮತ್ತು ಜಾಮಿಯಾ, ಹೈದರಾಬಾದಿನಲ್ಲಿ ರೋಡಾ ಮಿಸ್ತ್ರಿ ಕಾಲೇಜು. ಊರಿಗೇ ವಾಪಸ್ ಹೋಗೋ ಮನಸ್ಸಿದ್ದರೆ ಮಂಗಳೂರಿನ ರೋಶನಿ ನಿಲಯ ಇದೆ, 1960ರದ್ದು. ಟಿಸ್ ಮತ್ತು ದೆಹಲಿ ವಿವಿಗೆ ಈಗ ಸಿಯುಇಟಿ ಪಿಜಿ ಪರೀಕ್ಷೆ ಬರೀಬೇಕು. ಕಾಲೇಜು ಆರಿಸುವಾಗ ಕಟ್ಟಡ ನೋಡ್ಬೇಡಿ, ರ‍್ಯಾಂಕಿಂಗೂ ಆಮೇಲೆ. ಫೀಲ್ಡ್‌ವರ್ಕಿಗೆ ಎಲ್ಲೆಲ್ಲಿ ಕಳಿಸ್ತೀರಿ, ಒಬ್ಬ ಮೇಲ್ವಿಚಾರಕರಿಗೆ ಎಷ್ಟು ವಿದ್ಯಾರ್ಥಿಗಳು, ವಾರ ವಾರ ಐಸಿ ನಿಜವಾಗಿ ನಡೆಯುತ್ತಾ ಅಂತ ಹಳೇ ವಿದ್ಯಾರ್ಥಿಗಳನ್ನ ಕೇಳಿ. ಫೀಲ್ಡ್‌ವರ್ಕ್ ಸಹಿ ಮಾತ್ರ ಆಗಿರೋ ಕಡೆ ಸೇರಿದರೆ ಎರಡು ವರ್ಷ ದಂಡ.

ಕೆಲಸ ಬಿಡದೆ ಮಾಡಬಹುದಾ ಅಂತ ಕೇಳ್ತಾರೆ. ರೆಗ್ಯುಲರ್ ಕೋರ್ಸಿನಲ್ಲಿ ಆಗಲ್ಲ. ಆಸ್ಪತ್ರೆಯ ಒಪಿಡಿ, ಶಾಲೆ, ಕಚೇರಿ ಎಲ್ಲ ತೆರೆದಿರೋದು ವಾರದ ದಿನಗಳಲ್ಲಿ, ನಮ್ಮ ಸ್ಟ್ಯಾಂಡಪ್ ಇರೋದೂ ಆಗಲೇ. ಇಗ್ನೋದಲ್ಲಿ ದೂರಶಿಕ್ಷಣದ ಎಂಎಸ್‌ಡಬ್ಲ್ಯೂ ಇದೆ, ಅದನ್ನ ಎರಡರಿಂದ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಆದರೆ ಅಲ್ಲೂ ಫೀಲ್ಡ್‌ವರ್ಕ್ ಕಡ್ಡಾಯ. ರಜೆ ಉಳಿಸಿಟ್ಕೊಂಡು ಪ್ರಾಮಾಣಿಕವಾಗಿ ಮಾಡಿದವರನ್ನ ನೋಡಿದ್ದೀನಿ, ಪರಿಚಯದ ಎನ್‌ಜಿಒದಿಂದ ಲೆಟರ್ ತಂದು ಕೊಟ್ಟವರನ್ನೂ ನೋಡಿದ್ದೀನಿ. ಎರಡನೆಯವರ ಕೈಯಲ್ಲಿ ಡಿಗ್ರಿ ಇದೆ, ಅಷ್ಟೆ.

ಸ್ಪೆಷಲೈಸೇಷನ್ ವಿಷಯ. ಸಮುದಾಯ ಅಭಿವೃದ್ಧಿ, ಕುಟುಂಬ ಮತ್ತು ಮಕ್ಕಳ ಕಲ್ಯಾಣ, ವೈದ್ಯಕೀಯ ಮತ್ತು ಮನೋವೈದ್ಯಕೀಯ, ಹಲವು ಕಡೆ ಎಚ್‌ಆರ್ ಕೂಡ. ಸಮಾಜಕಾರ್ಯದಲ್ಲಿ ಎಚ್‌ಆರ್ ಹೇಗೆ ಬಂತು ಅಂದರೆ, 1948ರ ಕಾರ್ಖಾನೆ ಕಾಯ್ದೆ 500ಕ್ಕಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರಿರೋ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂತು, ಆ ಹುದ್ದೆಗೆ ಈ ಓದಿನವರು ಹೋದರು. ಐಟಿ ಬಿಟ್ಟು ಬಂದು ಎಚ್‌ಆರ್ ತಗೊಂಡು ಮತ್ತೆ ಐಟಿಗೇ ಹೋದವರೂ ಇದ್ದಾರೆ, ನಗಬೇಡಿ. ಆಸ್ಪತ್ರೆಯ ಕೆಲಸಕ್ಕೂ ಹಳೇ ಪರಂಪರೆ ಇದೆ, 1946ರಲ್ಲೇ ಮುಂಬೈನ ಜೆಜೆ ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕ ಆಗಿತ್ತು. ಮನೋವೈದ್ಯಕೀಯ ಕಡೆ ಹೋಗೋರು ಒಂದು ವಿಷಯ ಗಮನಿಸಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅನ್ನಿಸ್ಕೊಳ್ಳೋಕೆ ಎಂಎಸ್‌ಡಬ್ಲ್ಯೂ ಸಾಲಲ್ಲ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು. ನಮ್ಮ ನಿಮ್ಹಾನ್ಸ್ ಅದಕ್ಕೆ ಹೆಸರುವಾಸಿ. ಎಂಎಸ್‌ಡಬ್ಲ್ಯೂ ಮುಗಿಸಿ ಮಾರನೇ ದಿನ ಥೆರಪಿಸ್ಟ್ ಅಂತ ಬೋರ್ಡ್ ಹಾಕೋರ ಹತ್ರ ಹುಷಾರು.

ಸಿಎಸ್‌ಆರ್ ಟೀಮಿಗೆ ಹೋಗಬಹುದಲ್ಲ ಅಂತಾರೆ. ಹೋಗಬಹುದು. 2013ರ ಕಂಪನಿ ಕಾಯ್ದೆ ಬಂದಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನ ಇದಕ್ಕೆ ಖರ್ಚು ಮಾಡಬೇಕು, ಹಾಗಾಗಿ ಕೆಲಸ ಇದೆ. ಅಲ್ಲಿ ಮತ್ತೆ ಎಕ್ಸೆಲ್ ಶೀಟೇ ಸಿಗುತ್ತೆ, ಗೊತ್ತಿರ್ಲಿ.

ದುಡ್ಡು. ಮುಚ್ಚುಮರೆ ಬೇಡ. ನನ್ನ ಮೊದಲ ಸಂಬಳ ಐಟಿಯ ಕೊನೆ ಸಂಬಳದ ಐದನೇ ಒಂದು ಭಾಗ ಇತ್ತು. ಹೋಮ್ ಲೋನ್ ಮುಗಿದಿತ್ತು, ಮನೆಯಲ್ಲಿ ಇನ್ನೊಂದು ಸಂಬಳ ಇತ್ತು, ಆದ್ದರಿಂದ ನಡೀತು. ನನ್ನ ಜೊತೆ ಓದಿದ ಮರಾಠವಾಡಾದ ಹುಡುಗ ಹುಡುಗಿಯರಿಗೆ ಅದೇ ಸಂಬಳದಲ್ಲಿ ಊರಿಗೂ ಕಳಿಸಬೇಕಿತ್ತು. ಈ ಕ್ಷೇತ್ರ ಎರಡನೇ ಸಂಬಳ ಇರೋರ ತ್ಯಾಗದ ಮೇಲೆ ನಿಂತಿದೆ ಅನ್ನೋದು ನನಗೆ ಈಗಲೂ ಸರಿ ಕಾಣಲ್ಲ. ನಾನು ಕಡಿಮೆಗೆ ಒಪ್ಕೊಂಡಾಗ ಅವರ ಸಂಬಳವೂ ಅಲ್ಲೇ ನಿಲ್ಲುತ್ತೆ. ಎರಡನೇ ವರ್ಷದಿಂದ ನಾನು ಕೇಳೋಕೆ ಶುರು ಮಾಡಿದೆ, ಸ್ವಲ್ಪ ಜಾಸ್ತಿ ಆಯ್ತು, ಅವರಿಗೂ ಆಯ್ತು.

ರಾಜೀನಾಮೆ ಕೊಡೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮೂರಿನ ಯಾವುದಾದರೂ ಸಂಸ್ಥೆಯನ್ನ ಕೇಳಿ, ನಾಲ್ಕು ಶನಿವಾರ ಸುಮ್ಮನೆ ಜೊತೆಗೆ ಹೋಗಿ. ಏನೂ ಸರಿ ಮಾಡೋಕೆ ಹೋಗ್ಬೇಡಿ, ಆ್ಯಪ್ ಮಾಡಿಕೊಡ್ತೀನಿ ಅಂತ ಅಂತೂ ಹೇಳಲೇಬೇಡಿ. ಮನೆಗೆ ಬಂದು ಒಬ್ಬರ ಜೊತೆ ಆಡಿದ ಮಾತನ್ನ, ಅವರು ಅಂದಿದ್ದು ನೀವು ಅಂದಿದ್ದು, ಆರು ಪುಟ ಬರೀರಿ. ಹೆಸರು ತೆಗೆದು ಬೇಕಾದ್ರೆ ನನಗೆ ಕಳಿಸಿ, ಓದ್ತೀನಿ. ಬುಲೆಟ್ ಪಾಯಿಂಟ್ ಇದ್ದರೆ ವಾಪಸ್ ಬರುತ್ತೆ.